ಅಳುಮುಂಜಿಯ ತೆಳುಸಿಪ್ಪೆ

ಅಮ್ಮ ಆಲೂಗಡ್ಡೆ ಹೆರೆಯುತ್ತಿದ್ದಳು. ಮಗಳು ಇನ್ಸ್‌ಪೆಕ್ಟರಮ್ಮ ಎದುರಿಗೆ ಕೂತು ಅದನ್ನೇ ನೋಡುತ್ತಿದ್ದಳು.

ನೋಡುತ್ತಿದ್ದಳು ಎಂದರೆ ಕಣ್ಣು ಆ ಕಡೆ ಇತ್ತು, ಅಷ್ಟೇ. ತಮ್ಮ ಹೋದಂದಿನಿಂದ ಅವಳ ಕಣ್ಣು, ಕಿವಿ, ಕೈಕಾಲುಗಳೆಲ್ಲ ಅವುಗಳ ಪಾಡಿಗೆ ಅವು ಕೆಲಸ ಮಾಡುತ್ತಿದ್ದವು. ಒಡತಿ ಮಾತ್ರ ಎಲ್ಲೋ ರಜೆ ಹಾಕಿ ಹೋಗಿದ್ದಳು.

ಅಳು ಬಂದಿರಲಿಲ್ಲ. ಮಾತಾಡಿಸಲು ಬಂದವರೆಲ್ಲ ಬೆನ್ನು ಸವರಿ, "ಒಂದ್ಸಲ ಅತ್ತುಬಿಡಮ್ಮ, ಹಗುರಾಗುತ್ತೆ" ಎಂದು ಬುದ್ಧಿ ಹೇಳಿ ಹೋಗಿದ್ದರು. ಅಳು ಅಂಗಡಿಯಲ್ಲಿ ಸಿಗುವ ಸಾಮಾನಾಗಿದ್ದರೆ ಅವರ ಸಮಾಧಾನಕ್ಕಾದರೂ ತಂದು ಅತ್ತುಬಿಡುತ್ತಿದ್ದಳು.

"ನೋಡೇ, ಸಿಪ್ಪೆ ಎಷ್ಟು ತೆಳ್ಳಗೆ ಬರ್ತಿದೆ" ಎಂದಳು ಅಮ್ಮ. "ಅವನಿದ್ದಾಗ ಒಂದು ದಿನವೂ ಇಂಥ ನುಣ್ಣನೆ ಗಡ್ಡೆ ಈ ಮನೆಗೆ ಬರಲಿಲ್ಲ."

"ಹ್ಞೂಂ."

"ಇನ್ನು ಐದು ಉಳಿದಿದೆ. ಆಮೇಲೆ ಕೇಂದ್ರದ ಗಡ್ಡೆಯ ಋಣವೂ ಮುಗೀತು."

ಅಮ್ಮ ಸಿಪ್ಪೆಯನ್ನು ಬೆಳಕಿಗೆ ಹಿಡಿದಳು. ಅದರಾಚೆ ಕಿಟಕಿಯ ಸರಳು ಮಸುಕಾಗಿ ಕಾಣುತ್ತಿತ್ತು.

ಇನ್ಸ್‌ಪೆಕ್ಟರಮ್ಮನ ಕಣ್ಣು ಅಲ್ಲೇ ನಿಂತಿತು. ಅದರ ಹಿಂದೆಯೇ, ಬಹಳ ದಿನಗಳ ಮೇಲೆ, ಒಡತಿಯೂ ಮನೆಗೆ ಬಂದಳು.

ಈ ಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ತೆಳ್ಳಗೆ ಬಂದದ್ದೇ ಇಲ್ಲ. ತಮ್ಮ ಆಲೂಗಡ್ಡೆ ಸಂಶೋಧನಾ ಕೇಂದ್ರದಲ್ಲಿ ಹಿರಿಯ ಪರೀಕ್ಷಕ. ಯಾವ ತಳಿಗೆ ಕಜ್ಜಿ ರೋಗ ಎಷ್ಟು ಹತ್ತಿದೆ ಎಂದು ಗಡ್ಡೆಗಳ ಮೈ ನೋಡಿ ಅಂಕ ಹಾಕುವುದೇ ಅವನ ಕೆಲಸ. ಅಂಕ ಹಾಕಿ ಮುಗಿದ ಮೇಲೆ ಆ ಗಡ್ಡೆಗಳನ್ನು ಪರೀಕ್ಷಕರೇ ಮನೆಗೆ ಹೊತ್ತುಕೊಂಡು ಹೋಗುವುದು ಅಲ್ಲಿಯ ಪದ್ಧತಿ. ಕಜ್ಜಿ ಹತ್ತಿದ ಗಡ್ಡೆ ಮಾರಾಟಕ್ಕೆ ಬಾರದು, ಆದರೆ ಹೊಟ್ಟೆಗೇನೂ ತೊಂದರೆಯಿಲ್ಲ. ಹುಣ್ಣೆಲ್ಲ ಮೇಲಷ್ಟೇ. ಸ್ವಲ್ಪ ದಪ್ಪಗೆ ಹೆರೆದರೆ ಒಳಗೆ ಬಂಗಾರದಂಥ ಗಡ್ಡೆ. ವರ್ಷಗಟ್ಟಲೆ ಅಮ್ಮ ದಪ್ಪಗೆ ಹೆರೆದೂ ಹೆರೆದೂ, "ನನ್ನ ಮಗ ದುಡಿದು ತರೋದರಲ್ಲಿ ಅರ್ಧ ಕಸದ ಬುಟ್ಟಿಗೆ" ಎಂದು ಗೊಣಗುತ್ತಿದ್ದಳು.

"ಅಮ್ಮಾ, ಚಾಕು ನಿಲ್ಲಿಸು."

"ಯಾಕೆ?"

"ಆ ಗಡ್ಡೆ ಇಲ್ಲಿ ಕೊಡು."

ಗಡ್ಡೆಯ ಮೈಯಲ್ಲಿ, ಮೊಳಕೆ ಬರುವ ಕಡೆ, ಆಳವಾದ ಕಣ್ಣುಗಳು. ಪ್ರತಿ ಕಣ್ಣಿನ ಸುತ್ತ ನಸುಗೆಂಪು. ತಮ್ಮ ಎಂದೋ ಇದೇ ಮೇಜಿನ ಮೇಲೆ ಇಂಥದ್ದೇ ಗಡ್ಡೆ ಉರುಳಿಸಿ ನಕ್ಕಿದ್ದ. 'ಅಕ್ಕಾ, ಇವಳೇ ನೋಡು ಅಳುಮುಂಜಿ. ಅತ್ತು ಅತ್ತು ಕಣ್ಣು ಕೆಂಪಾಗಿದೆ.'

ಅಳುಮುಂಜಿ ಎಂಬುದು ಕೇಂದ್ರದವರು ಆ ತಳಿಗೆ ಇಟ್ಟ ಅಡ್ಡಹೆಸರು. ರೋಗದ ಮಣ್ಣು ಸೋಕಿದರೆ ಸಾಕು, ಮೈತುಂಬ ಕಜ್ಜಿ ಎಬ್ಬಿಸಿಕೊಂಡು ಬಿಡುತ್ತದೆ. ಅದಕ್ಕೇ ಅದನ್ನು ಹೊಲದ ಪ್ರತಿ ತುಂಡಿನಲ್ಲೂ, ಕೇಂದ್ರದವರ ಮಾತಿನಲ್ಲಿ ಪ್ರತಿ ತಾಕಿನಲ್ಲೂ, ಒಂದು ಸಾಲು ನೆಡುತ್ತಾರೆ. ಅಳುಮುಂಜಿಗೆ ಕಜ್ಜಿ ಬಂತೆಂದರೆ ಆ ಮಣ್ಣಿನಲ್ಲಿ ರೋಗ ಇದ್ದದ್ದು ನಿಜ, ಪಕ್ಕದ ಸಾಲಿನ ತಳಿ ನುಣ್ಣಗಿದ್ದರೆ ಅದು ರೋಗವನ್ನು ತಡೆದುಕೊಂಡದ್ದೂ ನಿಜ. ಅಳುಮುಂಜಿಯೇ ನುಣ್ಣಗೆ ಎದ್ದು ಬಂದರೆ ಆ ತಾಕಿನ ಪರೀಕ್ಷೆಗೆ ಎಳ್ಳುನೀರು.

ಈಗ ಅವಳ ಅಂಗೈಯಲ್ಲಿದ್ದ ಅಳುಮುಂಜಿಯ ಮೈ ಮೇಲೆ ಒಂದು ಕಲೆಯೂ ಇರಲಿಲ್ಲ.

ಅವಳು ಅದನ್ನು ಅಮ್ಮನ ಕೈಗೆ ವಾಪಸ್ಸು ಕೊಟ್ಟು, ಎದ್ದು ಚೀಲ ನೋಡಿದಳು. ತಳದಲ್ಲಿ ಐದು ಗಡ್ಡೆ. ಐದೂ ಅದೇ ತಳಿ, ಐದೂ ನುಣ್ಣಗೆ. ಅಷ್ಟೇ ಅಲ್ಲ, ಐದಕ್ಕೂ ಮಣ್ಣು ಅಂಟಿತ್ತು. ತೊಳೆಯದೆ ಯಾವ ಗಡ್ಡೆಗೂ ಅಂಕ ಬೀಳುವುದಿಲ್ಲ. ಅಂದರೆ ಇವು ಪರೀಕ್ಷೆಯ ಮೇಜಿಗೆ ಹೋಗಿಯೇ ಇಲ್ಲ. ಆದರೂ ಈ ಸಲ ಒಂದು ತಾಕಿನ ಪರೀಕ್ಷೆಯೂ ರದ್ದಾಗಿರಲಿಲ್ಲ. ಇವುಗಳ ಜಾಗದಲ್ಲಿ ಕೂತು ಅಂಕ ಹಾಕಿಸಿಕೊಂಡವು ಬೇರೆ ಯಾವುದೋ ತಾಕಿನ ಕಜ್ಜಿ ಗಡ್ಡೆಗಳು.

ಅವಳು ಒಂದು ಗಡ್ಡೆಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಉಳಿದ ನಾಲ್ಕನ್ನು ಅಮ್ಮನ ಪಾತ್ರೆ ಬೀರುವಿನ ಮೇಲಿನ ಅರೆಯಲ್ಲಿಟ್ಟಳು.

"ಇವನ್ನ ಮುಟ್ಟಬೇಡ. ಬೇಯಿಸಬೇಡ."

"ಆಲೂಗಡ್ಡೆಗೂ ಕಾವಲಾ!" ಎಂದಳು ಅಮ್ಮ. ಆಮೇಲೆ ಕೈಯಲ್ಲಿದ್ದ ಅರ್ಧ ಹೆರೆದ ಗಡ್ಡೆಯನ್ನೇ ನೋಡುತ್ತ, ಅಂದಿನಿಂದ ಕೇಳದೆ ಬಿಟ್ಟಿದ್ದ ಮಾತನ್ನು ಕೇಳಿದಳು. "ನನ್ನ ಮಗ ಸುಳ್ಳು ಅಂಕ ಹಾಕಿದ್ನಾ?"

"ಇಲ್ಲಮ್ಮ."

"ನಿಜವಾಗಲೂ?"

"ಸಂಜೆಯೊಳಗೆ ಹೇಳ್ತೀನಿ."

ಅಮ್ಮ ಮತ್ತೆ ಹೆರೆಯತೊಡಗಿದಳು. ಅಭ್ಯಾಸಬಲವೋ ಏನೋ, ಚಾಕು ಈ ಸಲ ದಪ್ಪಗೆ ಹೋಯಿತು.

ಕೇಂದ್ರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಕೇಸನ್ನು ಇನ್ನೊಂದು ಸಲ ತಿರುವಿ ಹಾಕಿದಳು. ಕೇಂದ್ರದ ಹೊಸ ತಳಿ, ಹದಿನೇಳು ಎಂಬ ನಂಬರಿನದು, ರೋಗದ ಹೊಲದಲ್ಲಿ ಬೆಳೆದೂ ಮೈಗೆ ಕಜ್ಜಿ ಹತ್ತಿಸಿಕೊಳ್ಳದೆ ಪಾಸಾಗಿತ್ತು. ಅದೇ ಹಂಗಾಮಿನಲ್ಲಿ ಬೇರೊಂದು ಕಡೆ ನೆಟ್ಟ ಹದಿನೇಳಕ್ಕೆ ಮೈತುಂಬ ಕಜ್ಜಿ. ಎರಡರಲ್ಲೊಂದು ಸುಳ್ಳು ಎಂದು ಗುಲ್ಲೆದ್ದ ಹೊತ್ತಿಗೇ ತಮ್ಮ ಕೇಂದ್ರದ ಕೋಲ್ಡ್ ಸ್ಟೋರೇಜಿನ ಒಳಗೆ ಹೆಣವಾಗಿ ಸಿಕ್ಕಿದ. ಸುಳ್ಳು ಅಂಕ ಹಾಕಿ, ಸಿಕ್ಕಿಬೀಳುವ ಭಯಕ್ಕೆ ತಾನೇ ಬಾಗಿಲು ಎಳೆದುಕೊಂಡ ಎಂದು ಕೇಂದ್ರದವರು ಸತ್ತವನ ತಲೆ ಮೇಲೆ ಗೂಬೆ ಕೂರಿಸಿದರು. ಆ ವರದಿ ನಾಳೆ ಮೇಲಿನವರ ಕೈ ಸೇರುತ್ತದೆ. ಆಮೇಲೆ ಅಮ್ಮ ಬದುಕಿರುವಷ್ಟು ದಿನ ಸುಳ್ಳುಗಾರನ ತಾಯಿ.

ಕೋಪ ಬರಬೇಕಿತ್ತು. ಬರಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ಯಾರೋ ಹತ್ತಿ ನಿಂತ ಹಾಗೆ, ಭಾರ ಗೊತ್ತಾಗುತ್ತಿತ್ತು, ನೋವಲ್ಲ.

ಪರೀಕ್ಷೆಯ ಶೆಡ್ಡು ಒದ್ದೆ ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಗಡ್ಡೆ ತೊಳೆಯುವಾಕೆ ಸಿಮೆಂಟಿನ ತೊಟ್ಟಿಯ ಮುಂದೆ ಬ್ರಷ್ಷು ಹಿಡಿದು ಕೂತಿದ್ದಳು. ನಡುವೆ ಎರಡು ಮೇಜು, ಎರಡು ಸ್ಟೂಲು, ಬೆನ್ನಿಗೆ ಬೆನ್ನು. ಒಬ್ಬರು ಹಾಕಿದ ಅಂಕ ಇನ್ನೊಬ್ಬರಿಗೆ ಕಾಣಬಾರದೆಂದು ಹಾಗೆ. ಒಂದು ಸ್ಟೂಲು ತಮ್ಮನದು. ಇನ್ನೊಂದು ಕನ್ನಡಕದ್ದು.

ಕೇಂದ್ರದಲ್ಲಿ ಕನ್ನಡಕ ಹಾಕುವವರು ಬೇಕಾದಷ್ಟು ಮಂದಿ ಇದ್ದರೂ ಆ ಹೆಸರು ಅಂಟಿದ್ದು ಆ ಹುಡುಗಿಯೊಬ್ಬಳಿಗೇ. ಕಿರಿಯ ಪರೀಕ್ಷಕಿ. ಗಡ್ಡೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಾಳೆ, ಆದರೆ ಅವಳ ಕಣ್ಣು ತಪ್ಪಿಸಿ ಒಂದು ಕಲೆಯೂ ಹೋಗುವುದಿಲ್ಲ ಎಂದು ತಮ್ಮ ಹೊಗಳುತ್ತಿದ್ದ. ಅವನು ಸತ್ತಾಗ ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ. ಅಮ್ಮನನ್ನು ತಬ್ಬಿಕೊಂಡು ಅಳುತ್ತಿದ್ದ ಅವಳನ್ನು ಕಂಡು ಇನ್ಸ್‌ಪೆಕ್ಟರಮ್ಮನಿಗೆ ಅಸೂಯೆಯಂಥದ್ದೇನೋ ಆಗಿತ್ತು.

"ಕನ್ನಡಕ ಎಲ್ಲಿ?"

"ಇವತ್ತು ರಜೆ ಹಾಕಿದ್ದಾರೆ ಮೇಡಂ" ಎಂದಳು ತೊಳೆಯುವಾಕೆ. "ಪಾಪ, ಆ ಸ್ಟೂಲು ಖಾಲಿ ಇರೋದು ನೋಡೋಕೆ ಆಗಲ್ವಂತೆ."

"ಹದಿನೇಳರ ಡಾಕ್ಟ್ರು ಇಲ್ಲಿಗೆ ಬರ್ತಾರಾ?"

ತೊಳೆಯುವಾಕೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅವರು ಈ ಹೊಸಿಲು ತುಳಿಯೋ ಹಾಗಿಲ್ಲ! ತಳಿ ಮಾಡಿದವರು ಅಂಕ ಹಾಕೋ ಕಡೆ ಬರಬಾರದು. ಗಡ್ಡೆ ಬಂದ ದಿನದಿಂದ ಕೆಲಸ ಮುಗಿಯೋವರೆಗೂ ಬಾಗಿಲಿಗೆ ಬೀಗ. ಒಂದು ಕೀ ನಿಮ್ಮ ತಮ್ಮನ ಹತ್ರ, ಇನ್ನೊಂದು ಕನ್ನಡಕದವರ ಹತ್ರ. ನಾನೂ ಅವರು ತೆಗೆದ ಮೇಲೇ ಒಳಗೆ ಬರೋದು."

ಇನ್ಸ್‌ಪೆಕ್ಟರಮ್ಮ ಹೊಲಕ್ಕಿಳಿದಳು. ಎರಡನೇ ತಾಕಿನಿಂದ ಒಂದು ಹಿಡಿ ಮಣ್ಣು, ಹದಿನೇಳನ್ನು ಬೆಳೆದಿದ್ದ ಮೂರನೇ ತಾಕಿನಿಂದ ಒಂದು ಹಿಡಿ. ಅಷ್ಟು ತೆಗೆದುಕೊಂಡು ನೇರ ಡಾಕ್ಟರ ಕೋಣೆಗೆ ಹೋದಳು.

ಹದಿನೇಳನ್ನು ಹುಟ್ಟಿಸಿದವರು ಡಾಕ್ಟರು. ಔಷಧ ಕೊಡುವ ಡಾಕ್ಟರಲ್ಲ, ಓದಿ ಆದ ಡಾಕ್ಟರು. ಕೂಲಿಯವರು ಹದಿನೇಳನ್ನು 'ಡಾಕ್ಟ್ರ ಮಗಳು' ಎಂದು ತಮಾಷೆ ಮಾಡುವಷ್ಟು ಅದರ ಮೇಲೆ ಜೀವ. ಕಿಟಕಿಯ ಮೇಲೆ, ಕಪಾಟಿನಲ್ಲಿ, ಕುರ್ಚಿಯ ಕೈ ಮೇಲೆ ಕೂಡ ಆಲೂಗಡ್ಡೆಗಳಿದ್ದವು.

"ನೀವು ರಜೆಯಲ್ಲಿದ್ದೀರಿ ಅಂತ ಕೇಳಿದ್ದೆ" ಎಂದರು ಡಾಕ್ಟರು.

"ಹೌದು ಸರ್. ಪೊಲೀಸಾಗಿ ಬಂದಿಲ್ಲ. ನಿಮ್ಮ ಆಲೂಗಡ್ಡೆ ತಿನ್ನೋ ಮನೆಯವಳಾಗಿ ಬಂದಿದ್ದೀನಿ. ಮೂರು ಲೋಟ ಇದೆಯಾ?"

ಲೋಟ ಬಂದವು. ಅವಳು ಮೂರಕ್ಕೂ ಬಾಟಲಿಯ ನೀರು ಹಾಕಿದಳು. ಮೊದಲನೆಯದಕ್ಕೆ ಎರಡನೇ ತಾಕಿನ ಮಣ್ಣು, ಎರಡನೆಯದಕ್ಕೆ ಮೂರನೇ ತಾಕಿನದು. ಆಮೇಲೆ ಕೈಚೀಲದಿಂದ ಗಡ್ಡೆ ತೆಗೆದು, ಅದಕ್ಕಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆದು ಕೊನೆಯ ಲೋಟಕ್ಕೆ ಉದುರಿಸಿದಳು. ಮೂರನ್ನೂ ಚೆನ್ನಾಗಿ ಕಲಕಿ, ಮಣ್ಣು ತಳಕ್ಕೆ ಇಳಿಯುವವರೆಗೆ ಕಾದಳು.

ಡಾಕ್ಟರು ಗಡ್ಡೆಯನ್ನೇ ನೋಡುತ್ತಿದ್ದರು. ಅವರ ಮುಖದ ಬಣ್ಣ ಇಳಿದದ್ದು ಅಲ್ಲೇ, ಲೋಟಗಳು ಏನಾದರೂ ಹೇಳುವ ಮೊದಲೇ.

"ಇದು ಯಾವ ತಳಿ ಸರ್?"

"ಅ... ಅಳುಮುಂಜಿ."

"ಕಜ್ಜಿ ಎಲ್ಲಿ ಹೋಯ್ತು?"

ಅವಳು ಬಣ್ಣದ ಕಾಗದದ ಪಟ್ಟಿಗಳನ್ನು ತೆಗೆದಳು. ಶಾಲೆಯ ಮಕ್ಕಳಿಗೆಂದು ಅಂಗಡಿಯಲ್ಲಿ ಮಾರುವಂಥವು, ದಾರಿಯಲ್ಲಿ ಕೊಂಡದ್ದು. ಮೊದಲ ಲೋಟದಲ್ಲಿ ಅದ್ದಿದ ಪಟ್ಟಿ ಹಸಿರಾಯಿತು. ಎರಡನೆಯದು ಕಿತ್ತಳೆ. ಮೂರನೆಯದೂ ಕಿತ್ತಳೆ.

"ಹಸಿರು ಅಂದ್ರೆ ಮಣ್ಣು ಸರಿಯಾಗಿದೆ. ಕಿತ್ತಳೆ ಅಂದ್ರೆ ಹುಳಿ ಮಣ್ಣು. ಹುಳಿ ಮಣ್ಣಲ್ಲಿ ಕಜ್ಜಿ ರೋಗ ಏಳಲ್ಲ ಅಂತ ನನ್ನ ತಮ್ಮ ಹೇಳ್ತಿದ್ದ. ಇಡೀ ಹೊಲದಲ್ಲಿ ನಿಮ್ಮ ಮಗಳು ಮಲಗಿದ್ದ ಹಾಸಿಗೆ ಒಂದೇ ಹೇಗೆ ಹುಳಿಯಾಯ್ತು ಡಾಕ್ಟ್ರೇ?"

ಡಾಕ್ಟರು ಒಂದು ಪಟ್ಟಿ ಎತ್ತಿ ಬೆಳಕಿಗೆ ಹಿಡಿದರು, ಬೇರೆಯವರ ಕೆಲಸ ತಪಾಸಣೆ ಮಾಡುವ ಹಾಗೆ. ಮತ್ತೆ ಇಟ್ಟುಬಿಟ್ಟರು.

"ಗಂಧಕ" ಎಂದರು. "ಹೋದ ವರ್ಷವೇ ಮಣ್ಣಿಗೆ ಸೇರಿಸಿದ್ದೆ. ನಾನೇ. ನನ್ನ ಕೈಯಾರೆ."

"ಯಾಕೆ?"

"ಪ್ರತಿ ವರ್ಷ ಎಲ್ಲದರಲ್ಲೂ ಪಾಸಾಗೋದು. ರುಚಿ, ಇಳುವರಿ, ಬಾಳಿಕೆ. ಕೊನೆಗೆ ಕಜ್ಜಿಯಲ್ಲಿ ಬಿದ್ದುಹೋಗೋದು. ನನಗೆ ನಿವೃತ್ತಿ ಹತ್ರ ಬಂತು ಮೇಡಂ. ಒಂದೇ ಒಂದು ಸಲ ಗೆದ್ದುಬಿಡಲಿ ಅನ್ನಿಸ್ತು." ಅವರು ಅಂಗೈಗಳನ್ನು ಮೇಜಿನ ಮೇಲೆ ಚಾಚಿ ನೋಡಿಕೊಂಡರು. "ಹೇಳಿಬಿಟ್ಟರೆ ಹಗುರಾಗುತ್ತೆ ಅಂದ್ಕೊಂಡಿದ್ದೆ. ಆಗ್ತಿಲ್ಲ."

ಇವರಿಗೂ ಯಾರೋ ಆ ಬುದ್ಧಿ ಹೇಳಿದ್ದಾರೆ ಎಂದುಕೊಂಡಳು ಅವಳು. ದ್ವೇಷ ಬರುತ್ತದೆಯೇ ಎಂದು ಕಾದು ನೋಡಿದಳು. ಎದುರಿಗಿದ್ದದ್ದು ಮುದುಕನಾಗುತ್ತಿರುವ ಒಬ್ಬ ಮನುಷ್ಯ, ಮೂರು ಲೋಟ ಕೆಸರು ನೀರು.

"ನನ್ನ ತಮ್ಮನಿಗೆ ಇದು ಗೊತ್ತಾಯ್ತು. ಅದಕ್ಕೆ ಅವನನ್ನ ಕೋಲ್ಡ್ ಸ್ಟೋರೇಜಿಗೆ ಹಾಕಿ ಬಾಗಿಲು ಎಳೆದ್ರಾ?"

"ಇಲ್ಲ!" ಮೊದಲ ಬಾರಿ ಡಾಕ್ಟರ ದನಿ ಏರಿತು. "ಆ ದಿನ ನಾನು ಊರಲ್ಲೇ ಇರಲಿಲ್ಲ. ಸಭೆಯಲ್ಲಿ ವೇದಿಕೆ ಮೇಲೆ ಕೂತಿದ್ದೆ, ಇಡೀ ಸಭಾಂಗಣ ನನ್ನನ್ನ ನೋಡಿದೆ. ನಿಮ್ಮವರೇ ವಿಚಾರಿಸಿದ್ದಾರೆ."

ವಿಚಾರಿಸಿದ್ದರು. ಅದು ಅವಳಿಗೂ ಗೊತ್ತಿತ್ತು. ಕೇಳದೆ ಬಿಡಲಾಗಲಿಲ್ಲ, ಅಷ್ಟೇ.

"ಅಳುಮುಂಜಿ ಬದಲಾಯಿಸಿದ್ದು ಯಾರು?"

"ಅದೇ ನನಗೂ ಅರ್ಥವಾಗಿಲ್ಲ. ನಾನು ಗಂಧಕ ಹಾಕಿದ್ದು ಹದಿನೇಳರ ಸಾಲಿಗೆ ಮಾತ್ರ. ನೀರು ಬಿಟ್ಟಾಗ ಅದು ಅಳುಮುಂಜಿ ಸಾಲಿಗೂ ಹರಿದುಬಿಡ್ತು. ಗಡ್ಡೆ ಕಿತ್ತ ದಿನ ದೂರದಿಂದ ನೋಡಿದೆ. ನುಣ್ಣಗೆ ಹೊಳೀತಿತ್ತು. ಕೆಲಸ ಕೆಟ್ಟಿತು, ತಾಕು ರದ್ದಾಯ್ತು ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ. ಫಲಿತಾಂಶ ಬಂದಾಗ ನೋಡಿದ್ರೆ, ಮೂರನೇ ತಾಕಿನ ಅಳುಮುಂಜಿಗೆ ಮೈತುಂಬ ಕಜ್ಜಿ ಅಂತಿದೆ! ನನ್ನನ್ನ ಕಾಪಾಡೋಕೆ ಯಾರೋ ಚೀಲ ಬದಲಾಯಿಸಿದ್ರು ಅಂತ ಗೊತ್ತಾಯ್ತು. ಯಾರು ಅಂತ ಕೇಳೋಕೆ ಬಾಯಿ ಬರಲಿಲ್ಲ. ಸುಮ್ಮನಾಗಿಬಿಟ್ಟೆ."

"ಶೆಡ್ಡಿನ ಕೀ ಇದ್ದದ್ದು ಇಬ್ಬರ ಹತ್ರ."

"ಹೌದು."

"ನನ್ನ ತಮ್ಮ, ಕನ್ನಡಕ."

"ಹೌದು." ಡಾಕ್ಟರು ತಲೆ ತಗ್ಗಿಸಿದರು. "ಮೇಡಂ, ನಿಮಗೆ ಬೇಜಾರಾಗುತ್ತೆ. ನಿಮ್ಮ ತಮ್ಮ ನನ್ನ ಶಿಷ್ಯ. ಅವನಿಗೂ ಆ ಹುಡುಗಿಗೂ ಇಲ್ಲಿ ಕೆಲಸ ಕೊಡಿಸಿದ್ದೂ ನಾನೇ. ನನಗೋಸ್ಕರ ಅವನೇ..."

"ಸಾಧ್ಯವಿಲ್ಲ."

"ಅಕ್ಕನಾಗಿ ಹೇಳ್ತಿದ್ದೀರಿ."

"ಇಲ್ಲ, ಪೊಲೀಸಾಗಿ ಹೇಳ್ತಿದ್ದೀನಿ. ಚೀಲ ಬದಲಾಯಿಸಿದವನು ತೆಗೆದ ಗಡ್ಡೆಗಳನ್ನ ಕೇಂದ್ರದ ಕಸದ ಗುಂಡಿಗೆ ಹಾಕಿ ಮುಚ್ಚುತ್ತಾನೆ. ಇವನು ಮಣ್ಣು ಕೂಡ ತೊಳೆಯದೆ ಮನೆಗೆ ತಂದಿಟ್ಟಿದ್ದಾನೆ. ಅಕ್ಕ ರಜೆಗೆ ಬಂದಾಗ ತೋರಿಸೋಣ ಅಂತ. ಸಾಕ್ಷಿ ಜೋಪಾನ ಮಾಡಿದವನು ಕಳ್ಳನಾಗೋಕೆ ಸಾಧ್ಯವಿಲ್ಲ."

ಸತ್ತವನ ಪರವಾಗಿ ವಾದಿಸಿ ಗೆದ್ದ ಹಾಗಾಯಿತು. ಸಂಜೆ ಅಮ್ಮನ ಎದುರು ಕೂತು ಇದನ್ನೇ ಹೇಳಬಹುದು. ಆಮೇಲೆ ಬಹುಶಃ ಅಳಲೂಬಹುದು.

ಡಾಕ್ಟರು ಗಡ್ಡೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರಿದರು.

"ಗುಂಡಿಗೆ ಹಾಕೋಕೆ ಆಗಲ್ಲ ಮೇಡಂ. ಗುಂಡಿಗೆ ಬಿದ್ದ ಗಡ್ಡೆಯನ್ನೆಲ್ಲ ಮುಚ್ಚೋ ಮುಂಚೆ ಇನ್ನೊಬ್ಬರು ನೋಡ್ತಾರೆ. ಕಜ್ಜಿ ಗಡ್ಡೆಗಳ ನಡುವೆ ಇಂಥ ನುಣ್ಣನೆ ಅಳುಮುಂಜಿ ಕಂಡ್ರೆ ಊರೆಲ್ಲ ಸುದ್ದಿ. ಈ ಕೇಂದ್ರದಿಂದ ಯಾರೂ ನೋಡದೆ ಗಡ್ಡೆ ಆಚೆ ಹೋಗೋಕೆ ಇರೋದು ಒಂದೇ ದಾರಿ. ಪರೀಕ್ಷಕರ ಮನೆ ಚೀಲ. ಅದನ್ನ ಯಾರೂ ಬಿಚ್ಚಿ ನೋಡಲ್ಲ." ಗಡ್ಡೆಯನ್ನು ಮೇಜಿನ ಮೇಲಿಟ್ಟು ಕೇಳಿದರು. "ಇದನ್ನ ನಿಮ್ಮ ತಮ್ಮನೇ ಮನೆಗೆ ತಂದಿದ್ನಾ?"

ಅವಳು ಕೈಚೀಲದಿಂದ ಫೋನು ತೆಗೆದಳು.

ಬೇರೆಯವರ ಮನೆಯಾಗಿದ್ದರೆ ಅವಳು ಕೇಳುತ್ತಿದ್ದ ಮೊದಲ ಪ್ರಶ್ನೆ ಅದು. ಈ ವಸ್ತು ಇಲ್ಲಿಗೆ ಯಾವಾಗ ಬಂತು, ಯಾರು ತಂದರು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಲಿತ ಪಾಠ. ಸ್ವಂತ ಮನೆಯ ಅಡುಗೆಮನೆ ಎಂದು ಕೇಳಲೇ ಇಲ್ಲ. ಆಲೂಗಡ್ಡೆ ಎಂದರೆ ತಮ್ಮ ತಂದದ್ದು, ಇನ್ನಾರು ತರುತ್ತಾರೆ?

'ಅವನಿದ್ದಾಗ ಒಂದು ದಿನವೂ ಇಂಥ ನುಣ್ಣನೆ ಗಡ್ಡೆ ಈ ಮನೆಗೆ ಬರಲಿಲ್ಲ.' ಅಮ್ಮ ಬೆಳಿಗ್ಗೆಯೇ ಹೇಳಿದ್ದಳು. ತಾನು ಹ್ಞೂಂಗುಟ್ಟಿದ್ದಳು.

ಅವಳು ಫೋನು ಮಾಡಿದಳು.

"ಅಮ್ಮಾ, ಆ ಗಡ್ಡೆ ಚೀಲ. ಅವನು ಯಾವತ್ತು ತಂದಿದ್ದು?"

"ಅವನೆಲ್ಲಿ ತಂದ? ಅವನು ಹೋದ ಮಾರನೇ ದಿನ ಕನ್ನಡಕದ ಹುಡುಗಿ ತಂದುಕೊಟ್ಟಳಲ್ಲ, ಅಣ್ಣನ ಪಾಲಿಂದು ಅಂತ. ನೀನು ಆಗ ಆಸ್ಪತ್ರೆ, ಸ್ಟೇಷನ್ನು ಅಂತ ಓಡಾಡ್ತಿದ್ದೆ. ಇಟ್ಟುಕೊಂಡ್ರೆ ಕೆಟ್ಟುಹೋಗುತ್ತೆ ಅಮ್ಮ, ಬೇಗ ಬೇಗ ಬೇಯಿಸಿ ತಿಂದುಬಿಡಿ ಅಂದಿದ್ಲು ಪಾಪ. ದುಃಖದಲ್ಲೂ ನನ್ನ ಹೊಟ್ಟೆ ಚಿಂತೆ ಅವಳಿಗೆ."

ಮರಗಟ್ಟಿದ್ದ ಕಾಲಿಗೆ ರಕ್ತ ನುಗ್ಗಿದ ಹಾಗಾಯಿತು. ಮೈಯೆಲ್ಲ ಜುಮುಗುಟ್ಟಿತು, ಆಮೇಲೆ ಉರಿಯಿತು. ತಮ್ಮನ ಸಾವಿಗೆ ಸಾಕ್ಷಿಯಾದ ಗಡ್ಡೆಗಳನ್ನು ಅಮ್ಮ ದಿನವೂ ತೆಳ್ಳಗೆ ಹೆರೆದು, ಬೇಯಿಸಿ, ಮಗಳಿಗೂ ಬಡಿಸಿ, ತಾನೂ ತಿಂದು ಮುಗಿಸುತ್ತ ಬಂದಿದ್ದಳು.

"ಅಮ್ಮಾ, ಬಾಗಿಲು ಹಾಕ್ಕೋ. ಯಾರು ಬಂದ್ರೂ ತೆಗೀಬೇಡ."

"ಅಯ್ಯೋ, ಅವಳು ಆಗಲೇ ಬಂದು ಕೂತಿದ್ದಾಳೆ ಕಣೇ! ಬಂದವಳೇ, ಗಡ್ಡೆ ಎಲ್ಲಾ ಖರ್ಚಾಯ್ತಾ ಅಮ್ಮ ಅಂದಳು. ಇಲ್ಲ, ಐದಿದೆ, ನನ್ನ ಮಗಳು ಕಾವಲು ಹಾಕಿ ಬೀರುವಿನಲ್ಲಿಟ್ಟಿದ್ದಾಳೆ ಅಂತ ನಗಾಡಿದೆ. ನೀವು ಸುಮ್ಮನೆ ಕೂತ್ಕೊಳ್ಳಿ, ಇವತ್ತು ನಾನೇ ಹೆಚ್ತೀನಿ ಅಂತ ನನ್ನ ಕೈಯಿಂದ ಚಾಕು ಇಸ್ಕೊಂಡಳು. ಬೀರು ತೆಗೀತಿದ್ದಾಳೆ. ತಾಳು, ಏನೋ ಕೇಳ್ತಿದ್ದಾಳೆ."

ಡಾಕ್ಟರು ಎದ್ದು ನಿಂತರು. ಇನ್ಸ್‌ಪೆಕ್ಟರಮ್ಮ ಆಗಲೇ ಬಾಗಿಲಲ್ಲಿದ್ದಳು.

"ಅಮ್ಮಾ, ಫೋನು ಅವಳಿಗೆ ಕೊಡಬೇಡ. ಮೆಲ್ಲಗೆ ಎದ್ದು ಆಚೆ ಬಾ. ಅಮ್ಮಾ?"

ಆ ಕಡೆ ಪಾತ್ರೆ ಸರಿದ ಸದ್ದಾಯಿತು. ಆಮೇಲೆ ಒಂದು ಎಳೆಯ, ಸಮಾಧಾನದ ದನಿ. ಅಂಕ ಹಾಕುವಾಗ ಇರುವಂಥದ್ದೇ ದನಿ.

"ಅಕ್ಕಾ, ಅಮ್ಮ ಐದು ಅಂದ್ರು. ಇಲ್ಲಿ ನಾಲ್ಕೇ ಇದೆಯಲ್ಲ. ಇನ್ನೊಂದು ನೀವು ತಗೊಂಡು ಹೋದ್ರಾ?"